ಟವೆಲ್ಲು ಹಾಸಿದ ಸೀಟು

ಹರಿಹರದ ಟಾಕೀಸೊಂದರಲ್ಲಿ ಸ್ಪೀಕರ್ ರಿಪೇರಿ ಮಾಡಿ, ಧ್ವನಿ ಪರೀಕ್ಷಿಸಲು ಮ್ಯಾಟಿನಿಗೆ ಪ್ರೊಜೆಕ್ಟರ್ ಕೋಣೆಯಲ್ಲೇ ಕೂತಿದ್ದೆ. ಗಂಡ ಹೆಂಡತಿ ಇಬ್ಬರೂ ಬೇರೆಯವರನ್ನು ಹಚ್ಚಿಕೊಂಡು ಮನೆ ಮುರಿದುಕೊಳ್ಳುವ ಹಿಂದಿ ಚಿತ್ರ. ನನ್ನ ವಯಸ್ಸಿನವನೊಬ್ಬ ಏದುಸಿರು ಬಿಡುತ್ತ ಒಳಗೆ ಬಂದ.

"ಇಂಟರ್ವಲ್‌ನಾಗೆ ಎಲ್ಲಾ ಲೈಟ್ ಹಾಕ್ರಿ ಅಣ್ಣಾರೆ. ನನ್ನ ಹೆಂಡ್ತಿ ಕೆಳಗದಾಳೆ. ಯಾರ ಜೊತಿ ಬಂದಾಳೆ ನೋಡ್ಬೇಕು."

"ಅವರನ್ನೇ ಕೇಳಬಹುದಲ್ರಿ."

"ಮಾತು ಬಿಟ್ಟು ವರ್ಷಾತು."

ಇಂಟರ್ವಲ್ ಆಗಿ ದೀಪ ಬಂತು. ಆಕೆ ಒಬ್ಬಳೇ ಇದ್ದಳು. ಪಕ್ಕದ ಸೀಟಿನಲ್ಲಿ, ಜಾಗ ಹಿಡಿಯಲು ಹಾಸುವಂತೆ, ಕೆಂಪಂಚಿನ ಟವೆಲ್ಲು.

"ಆ ಟವೆಲ್ಲು ನಂದೇ," ಅಂದ. "ಮನ್ಯಾಗೆ ನಂಗೂ ಒಂದು ಟಿಕೆಟ್ ತಂದಿಟ್ಟಿದ್ಳು. ನಾ ಬರಲ್ಲ ಅಂತ ಗೊತ್ತಿದ್ದೇ ಇಟ್ಟಾಳೆ ಅನ್ಕಂಡೆ."

ಅಷ್ಟರಲ್ಲಿ ಆಕೆ ತಿರುಗಿ ನೇರ ನಮ್ಮ ಕಿಂಡಿಯತ್ತ ನೋಡಿದಳು. ಕತ್ತಲೆಯಲ್ಲಿದ್ದ ನಾವು ಅಲ್ಲಿಂದ ಕಾಣುವುದು ಸಾಧ್ಯವೇ ಇರಲಿಲ್ಲ. ಆದರೂ ಟವೆಲ್ಲನ್ನು ಮಡಿಲಿಗೆ ತೆಗೆದುಕೊಂಡು ಪಕ್ಕದ ಸೀಟನ್ನು ಖಾಲಿ ಮಾಡಿಟ್ಟಳು.

"ಹೋಗ್ರಿ," ಅಂದೆ.

ಹೋದ. ಆದರೆ ಮೆಟ್ಟಿಲಿಳಿದು ರಸ್ತೆಗೆ.

ಸಿನಿಮಾ ಮುಗಿಯುವವರೆಗೂ ಆಕೆ ಆ ಖಾಲಿ ಸೀಟಿನತ್ತ ಬಾಗಿ ಏನೋ ಹೇಳುತ್ತಿದ್ದಳು; ನಡುನಡುವೆ ಉತ್ತರ ಕೇಳಿಸಿಕೊಳ್ಳುವವಳಂತೆ ಸುಮ್ಮನಾಗುತ್ತಿದ್ದಳು. ಟಾಕೀಸಿನ ಪ್ರತಿ ಸೀಟಿಗೂ ಧ್ವನಿ ಸ್ಪಷ್ಟವಾಗಿ ತಲುಪುತ್ತಿದೆ ಎಂದು ರಿಪೇರಿ ವರದಿಯಲ್ಲಿ ಬರೆದು, ಸಹಿ ಹಾಕಿ, ದಾವಣಗೆರೆ ಬಸ್ಸು ಹತ್ತಿದೆ.