ಹಂಚಿನ ಮೇಲಿಟ್ಟ ಫಿಲ್ಮು

ಎರಡು ಪಾಲಿಮರ್‌ಗಳನ್ನು, ಅಂದರೆ ಎರಡು ಬಗೆಯ ಪ್ಲಾಸ್ಟಿಕ್ಕನ್ನು, ಒಂದೇ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ಸುರಿದು ಒಣಗಿಸಿದರೆ ತೆಳು ಫಿಲ್ಮು ಏಳುತ್ತದೆ. ಅವೆರಡೂ ನಿಜವಾಗಿ ಬೆರೆತಿವೆಯೇ ಎನ್ನುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಬೆರೆಯದಿದ್ದರೆ ಫಿಲ್ಮು ಮಬ್ಬಾಗುತ್ತದೆ; ನನ್ನದು ಆಚೆಯ ಅಕ್ಷರ ಓದುವಷ್ಟು ತಿಳಿಯಾಗಿತ್ತು. ‘ಪೂರ್ತಿ ಬೆರೆಯುತ್ತವೆ’ ಎಂದು ತೀರ್ಮಾನ ಬರೆದೇಬಿಟ್ಟೆ. ಪ್ರಬಂಧ ಒಪ್ಪಿಸಲು ಒಂಬತ್ತು ದಿನ ಉಳಿದಿತ್ತು. ಯಾರಾದರೂ ಪ್ರಶ್ನಿಸಿದರೆ? ಕುರುಗೋಡಿನ ಚರ್ಚಾಸ್ಪರ್ಧೆಯಲ್ಲಿ ಒಂದೇ ವಿಷಯದ ಮೇಲೆ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಗೆದ್ದವಳು ನಾನು.

ಆ ಭಾನುವಾರ ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ಸಿರುಗುಪ್ಪಕ್ಕೆ, ದೊಡ್ಡವ್ವನ ಹತ್ತಿರ ಹೋಗಿದ್ದೆ. ಅವಳು ಅಲ್ಲಿಯ ಶೆಡ್ಡೊಂದರಲ್ಲಿ ಹಳೆ ಪ್ಲಾಸ್ಟಿಕ್ ಆರಿಸುತ್ತಾಳೆ. ಅದನ್ನು ಕರಗಿಸಿ ಗದ್ದೆಗೆ ನೀರು ಹಾಯಿಸುವ ಕರಿ ಪೈಪು ಮಾಡುತ್ತಾರೆ. ರೊಟ್ಟಿ ಬಡಿಯುತ್ತಿದ್ದವಳ ಮುಂದೆ ಫಿಲ್ಮು ಹಿಡಿದೆ.

“ಕಾಸಿ ನೋಡೀಯೇನು?” ಎಂದಳು.

“ಯಾಕ ಕಾಸಬೇಕು? ಎರಡೂ ಒಂದಾಗಿದ್ದು ಕಣ್ಣಿಗೇ ಕಾಣತೈತಲ್ಲ.”

“ನಮ್ಮ ಪೈಪೂ ಮಷೀನಿನಿಂದ ಬರೋವಾಗ ಹೊಸ ಅಳಿಯನಂಗ ಇರತೈತಿ. ಅದಕ್ಕ ಒಂದು ತುಂಡು ಕುದಿಯೋ ನೀರಾಗ ಹಾಕಿ, ತಣ್ಣಗ ಮಾಡಿ, ಬಗ್ಗಸ್ತೀವಿ. ಬೆರೆತಿಲ್ಲಂದ್ರ ಬಗ್ಗಿದಲ್ಲಿ ಬೆಳ್ಳನ ಗೆರಿ ಬೀಳತೈತಿ.”

“ಅದು ಪೈಪು, ದೊಡ್ಡವ್ವ. ಅದರ ನಿಯಮ ಇದಕ್ಕ ಹಚ್ಚಾಕ ಬರಂಗಿಲ್ಲ.”

“ಬಾಯಿ ಬಿಸಿ ಮಾಡಬ್ಯಾಡ, ಅದನ್ನ ಬಿಸಿ ಮಾಡು.”

ಹಂಚಿನ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಒಂದು ತುಂಡು ಕತ್ತರಿಸಿ ಇಟ್ಟಳು. ಅಂಚಿನಿಂದ ಶುರುವಾಗಿ ಇಡೀ ತುಂಡು ಗಂಜಿಯಂತೆ ಬೆಳ್ಳಗಾಯಿತು. ಬೇಗ ಒಣಗಿದ್ದರಿಂದ ಅವೆರಡಕ್ಕೂ ಬೇರೆಯಾಗಲು ಸಮಯ ಸಿಕ್ಕಿರಲಿಲ್ಲ. ಬಿಸಿಗೆ ಮೆತ್ತಗಾದ ಕೂಡಲೇ ತಮ್ಮ ತಮ್ಮ ದಾರಿ ಹಿಡಿದವು. ಪರೀಕ್ಷೆಯಲ್ಲಿ ನಾನೇ ಬರೆದಿದ್ದ ಪಾಠ!

ರೊಟ್ಟಿಯ ಹಂಚು ಪುರಾವೆಯಾಗುತ್ತದೆಯೇ ಎಂದು ಬಳ್ಳಾರಿ ಮುಟ್ಟುವವರೆಗೂ ಬಸ್ಸಿನಲ್ಲಿ ನನ್ನೊಂದಿಗೇ ಜಗಳವಾಡಿದೆ. ಸೋಮವಾರ ಕಾಸದ ತುಂಡು, ತಟ್ಟೆಯಿಂದ ಎಬ್ಬಿಸಿ ತಂದ ಕಾಸಿದ ತುಂಡು ಎರಡನ್ನೂ ಉಷ್ಣ ಅಳೆಯುವ ಯಂತ್ರಕ್ಕೆ ಕೊಟ್ಟೆ. ಬೆರೆತ ವಸ್ತು ಮೆತ್ತಗಾಗುವಾಗ ಗ್ರಾಫಿನಲ್ಲಿ ಒಂದೇ ಮೆಟ್ಟಿಲು ಮೂಡಬೇಕು. ಕಾಸದ್ದರಲ್ಲಿ ಒಂದಿತ್ತು. ಕಾಸಿದ್ದರಲ್ಲಿ ಎರಡು. ತೀರ್ಮಾನದ ಅಧ್ಯಾಯವನ್ನು ಹರಿದು ಮತ್ತೆ ಬರೆದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಫಿಲ್ಮನ್ನು ಬೆಳಕಿಗೆ ಹಿಡಿದು ಮೊದಲು ಕೇಳಿದ್ದೇ, “ಕಾಸಿ ನೋಡಿದ್ದೀರಾ?” ನನಗೆ ನಗು ಬಂತು. ವಾದಿಸದೆ ಗ್ರಾಫು ಮುಂದಿಟ್ಟೆ.

ಗೆದ್ದಾಗ ಚಪ್ಪಾಳೆ ಹೊಡೆದವರು ಬಹಳ ಮಂದಿ. ಸೋಲಬೇಕಾದಲ್ಲಿ ಹೊತ್ತಿಗೆ ಸರಿಯಾಗಿ ಸೋಲಿಸಿದ್ದು ದೊಡ್ಡವ್ವ. ಕೃತಜ್ಞತೆಯ ಪುಟದಲ್ಲಿ ಅವಳೇ ಮೊದಲು. ಅದನ್ನು ಫೋನಿನಲ್ಲಿ ಓದಿ ಹೇಳಿದೆ.

“ಛಲೋ ಆತು ತಗಿ,” ಎಂದಳು. “ಆ ತಟ್ಟಿಗೆ ಅಂಟಿ ಉಳಿದದ್ದು ಇನ್ನೂ ಬಿಟ್ಟಿಲ್ಲ. ಬರೋವಾಗ ಹೊಸಾದು ತಗೊಂಡು ಬಾ.”