ಸ್ವಿಚ್ಚಿಗೂ ಬಾವಿಗೂ ನಡುವೆ

ಹೊನ್ನವಳ್ಳಿಯ ತೋಟವೊಂದಕ್ಕೆ ಪಂಪ್‌ಸೆಟ್ ರಿಪೇರಿಗೆ ಹೋದಾಗ ನಾನೂ ನನ್ನ ಜೊತೆಯ ಎಂಜಿನಿಯರೂ ಮಾತು ಬಿಟ್ಟಿದ್ದೆವು. ಆಫೀಸಿನಲ್ಲಿ ಸಾಹೇಬರ ಮುಂದೆ ಅವನು ನನ್ನ ಡ್ರಾಯಿಂಗನ್ನು ರಂಗೋಲಿ ಅಂದಿದ್ದ. ನಾನು ಸ್ವಿಚ್ಚಿನ ಹತ್ತಿರ ನಿಂತೆ, ಅವನು ಬಾವಿಯ ಹತ್ತಿರ. ನಡುವೆ ತೋಟದ ಅಜ್ಜಿಯೇ ನಮ್ಮ ಟ್ರಂಕ್‌ಕಾಲ್: "ಹಾಕ್ಬೇಕಂತೆ ಕಣಪ್ಪ", "ಆರಿಸ್ಬೇಕಂತೆ ಕಣಪ್ಪ."

ಕೊನೆಗೂ ನೀರು ಬಂತು. ಅಜ್ಜಿ ಅಲ್ಲೇ ಕಾಯಿ ಸುಲಿಯುತ್ತಿದ್ದ ತಾತನ ಕಡೆ ಕೈ ತೋರಿಸಿ ನನಗೆ ಹೇಳಿದರು: "ನೀರು ಬಂತು ಅಂತ ನಮ್ಮ ಯಜಮಾನ್ರಿಗೆ ಹೇಳ್ಬುಡಪ್ಪ. ನಾವಿಬ್ರೂ ಮಾತಾಡಲ್ಲ."

ತಾತ ತಲೆ ಎತ್ತಲಿಲ್ಲ. "ಕೇಳಿಸ್ತು ಅಂತ ಅವಳಿಗೆ ಹೇಳಪ್ಪ."

ನನಗೆ ನಗು ತಡೆಯಲಾಗಲಿಲ್ಲ. ಜೊತೆಯವನು ಬಾವಿಯ ಕಡೆಯಿಂದ ನೇರ ನನ್ನ ಹತ್ತಿರ ಬಂದು, "ಈಗ ಅಜ್ಜಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?" ಅಂದ.

ಹಾಗೆ ನಮ್ಮ ಮಾತು ಶುರುವಾಯಿತು. ರಂಗೋಲಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.