ಕಾಳಜಿ ಸಾಹೇಬರು

ಊರೂರಲ್ಲಿ ಅಂಗಡಿ ತೆರೆದಿರುವ ದೊಡ್ಡ ಬಟ್ಟೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯೆಲ್ಲ ಒಬ್ಬರದೇ ಹೆಗಲ ಮೇಲಿದೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಾಳಜಿ ಸಾಹೇಬರು ಎನ್ನುತ್ತಾರೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತದೆ. ಫೋಟೊ ಇಲ್ಲದ ದಾನ ಅವರ ಪಾಲಿಗೆ ಉಪ್ಪಿಲ್ಲದ ಊಟ. ಪ್ರತಿವರ್ಷ ಒಂದೇ ಗುಂಡಿಯಲ್ಲಿ ಗಿಡ ನೆಡುತ್ತಾರೆ, ಏಕೆಂದರೆ ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ. ಮಾರಾಟವಾಗದೆ ಉಳಿದ ಸ್ವೆಟರುಗಳನ್ನು ನಡುಬೇಸಿಗೆಯಲ್ಲಿ ಅನಾಥಾಶ್ರಮಕ್ಕೆ ಹಂಚಿ, ಮಕ್ಕಳ ಮುಖ ಕೆಂಪೇರಿದ್ದನ್ನು ಸಂತೋಷದ ಕಳೆ ಎಂದು ವರದಿಯಲ್ಲಿ ಬರೆಯುತ್ತಾರೆ. ಹೊಲಿಗೆ ಕಾರ್ಖಾನೆಯ ತಪಾಸಣೆಗೆ ಮಾತ್ರ ಹದಿನೈದು ದಿನ ಮುಂಚೆಯೇ ಕಾಗದ ಬರೆದು ಹೋಗುತ್ತಾರೆ. ಹೇಳದೆ ಕೇಳದೆ ನುಗ್ಗುವುದು ಮರ್ಯಾದಸ್ಥರ ಲಕ್ಷಣವಲ್ಲವಂತೆ. ಅಲ್ಲಿ ಮಷಿನ್ ಮುಂದೆ ಕೂತ ಹೆಂಗಸರಿಗೆ "ನೀವೆಲ್ಲ ನಮ್ಮನೆಯವ್ರೇ, ಸ್ವಲ್ಪ ನಗಿ" ಎನ್ನುತ್ತಾರೆ. ಫೋಟೊ ತೆಗೆಯುವವನಿಗೆ ಒಂದೇ ಕಟ್ಟಪ್ಪಣೆ: "ಮುಖ ಸಾಕು, ಕೈ ಬೇಡ." ಅದು ಚಂದಕ್ಕೆ ಎಂದು ಅವನು ತಿಳಿದಿದ್ದಾನೆ. ಸೂಜಿ ಹೊಕ್ಕು ಸೀಳಿದ ಉಗುರು ಹೇಗಿರುತ್ತದೆಂದು ಸಾಹೇಬರಿಗೆ ಚಿಕ್ಕಂದಿನಿಂದಲೇ ಗೊತ್ತು. ಅವರನ್ನು ಓದಿಸಿದ ಅಕ್ಕ ಅಂಥದೇ ಮಷಿನ್ ಮುಂದೆ ಇಪ್ಪತ್ತು ವರ್ಷ ಕೂತವಳು, ಅವಳು ಬಡಿಸುವಾಗ ಇವರು ತಟ್ಟೆಯನ್ನೇ ನೋಡುತ್ತಾರೆ. ಈ ಸಲದ ವರದಿಯನ್ನು ಹೆಮ್ಮೆಯಿಂದ ಅವಳಿಗೂ ತಂದು ತೋರಿಸಿದರು. ನುಣುಪು ಹಾಳೆಗಳನ್ನು ಒಂದೊಂದಾಗಿ ತಿರುವಿ ಅವಳು ಕೇಳಿದಳು: "ಎಲ್ಲಾ ಚೆನ್ನಾಗಿ ಬಂದಿದೆ ಕಣೋ. ಇವ್ರೆಲ್ಲ ಕೈ ಎಲ್ಲಿಟ್ಕೊಂಡಿದಾರೆ?"